ಟೂಟಾ ಪತಂಗ: ಗುರುತು ಹಿಡಿಯೋದು ಹೇಗೆ, ಎಲ್ಲೆಲ್ಲಿದೆ, ಏನೇನು ತಿನ್ನುತ್ತೆ

ಎಲೆಮರೆ
ಈ ಗುಂಪಿನಲ್ಲಿ ಟೊಮೆಟೊ ಎಲೆ ಒಣಗಿದ ಫೋಟೊ ಹಾಕಿದರೆ ಸಾಕು, ಕೆಳಗೆ "ಇದು ಟೂಟಾ" (ಟೊಮೆಟೊ ಎಲೆ, ಕಾಯಿ ಕೊರೆಯೋ ಪತಂಗದ ಹುಳು) ಅಂತ ಉತ್ತರ ಬೀಳುತ್ತೆ. ಅದರಲ್ಲಿ ಎಷ್ಟೋ ರಂಗೋಲಿ ಹುಳು (ಎಲೆಯಲ್ಲಿ ಗೆರೆ ಕೊರೆಯೋ ನೊಣದ ಮರಿ), ಇನ್ನು ಕೆಲವು ಅಂಗಮಾರಿ ಅನ್ನೋ ಎಲೆ ಒಣಗಿಸೋ ರೋಗ. ಔಷಧಿ ಬೇರೆ, ಹೊಡೆಯೋ ಹೊತ್ತು ಬೇರೆ, ಹಾಗಾಗಿ ಮೊದಲು ಗುರುತು ಸರಿಯಾಗಬೇಕು. ಪತಂಗದಿಂದಲೇ ಶುರು ಮಾಡ್ತೀನಿ, ಉಳಿದದ್ದು ಗೊತ್ತಿರೋರು ಸೇರಿಸಿ.

ದೊಡ್ಡ ಪತಂಗ ಅಂದ್ರೂ ಉದ್ದ 5ರಿಂದ 7 ಮಿ.ಮೀ. ರೆಕ್ಕೆ ಬಿಚ್ಚಿದರೆ ಸುಮಾರು 8–10 ಮಿ.ಮೀ. ಕೂತಾಗ ರೆಕ್ಕೆಯನ್ನು ಮೈಗೆ ಒತ್ತಿಕೊಂಡು ಕಿರಿದಾಗಿ ಕೂರುತ್ತೆ. ಮುಂದಿನ ರೆಕ್ಕೆ ಬೂದು-ಕಂದು, ಮೇಲೆ ಬೆಳ್ಳಿ ಹೊಳಪು, ಅಲ್ಲಲ್ಲಿ ಕಪ್ಪು ಚುಕ್ಕೆ. ಹಿಂದಿನ ರೆಕ್ಕೆ ಸಣ್ಣದು, ಅಂಚಿಗೆ ಉದ್ದ ಕೂದಲಿನ ಝಾಲರಿ. ಮೀಸೆ ದಾರದಂತೆ ಸಪೂರ, ಅದರ ಮೇಲೆ ತಿಳಿ ಬಣ್ಣ, ಗಾಢ ಬಣ್ಣ ಒಂದಾದ ಮೇಲೊಂದು ಪಟ್ಟೆ. ತಲೆಯ ಮುಂದೆ, ಬಾಯಿಯ ಬಳಿ, ಎರಡು ಕಿರು ಅಂಗ (ಪಾಲ್ಪ್) ಕೊಂಬಿನ ಥರ ಮೇಲಕ್ಕೆ ಬಾಗಿರುತ್ತವೆ. ಹಗಲಲ್ಲಿ ಎಲೆ ಮರೆಯಲ್ಲಿ ಇರುತ್ತೆ, ಮುಸ್ಸಂಜೆ ಮತ್ತು ಬೆಳಗಿನ ಜಾವ ಹಾರಾಡುತ್ತೆ. ಮಧ್ಯಾಹ್ನ ಗಿಡ ಅಲ್ಲಾಡಿಸಿದರೆ ಸಣ್ಣಗೆ ಹಾರಿ ಪಕ್ಕದ ಗಿಡದಲ್ಲೇ ಮತ್ತೆ ಕೂರುತ್ತೆ.

ಹಾಸನದ ಗೆಡ್ಡೆ
ಸರ್, ಇಷ್ಟು ವರ್ಣನೆ ಆಲೂಗಡ್ಡೆ ಗೆಡ್ಡೆ ಪತಂಗಕ್ಕೂ ಹೊಂದುತ್ತಲ್ಲ? ಎರಡೂ ಒಂದೇ ಕುಟುಂಬ, ಗೆಲಿಕಿಡೆ. ನಮ್ಮ ಕಡೆ ಆಲೂ ಹೊಲದ ಪಕ್ಕದಲ್ಲೇ ಟೊಮೆಟೊ ಇರುತ್ತೆ, ಒಂದೇ ಬಲೆಯಲ್ಲಿ ಎರಡೂ ಬೀಳಬಹುದು.

ಲೆನ್ಸ್10
ಹೊಂದುತ್ತೆ, ಅಲ್ಲೇ ತೊಡಕು. ಗೆಡ್ಡೆ ಪತಂಗ ಸ್ವಲ್ಪ ದೊಡ್ಡದು, ರೆಕ್ಕೆ ಹರವು 12 ಮಿ.ಮೀ. ಮೇಲೆ, ಬಣ್ಣ ಒಣಹುಲ್ಲಿನ ಕಡೆಗೆ. ಹೆಣ್ಣಿನ ರೆಕ್ಕೆ ಮುಚ್ಚಿದಾಗ ಬೆನ್ನ ಮೇಲೆ ಗುಣಿಸು ಚಿಹ್ನೆಯ ಥರ ಗಾಢ ಗುರುತು ಕಾಣುತ್ತೆ. ಆದ್ರೆ ಅಂಟು ಬಲೆಗೆ ಬಿದ್ದ ಪತಂಗದ ಮೈಪುಡಿ ಉದುರಿ ಹೋಗಿರುತ್ತೆ, ಬಣ್ಣ ನಂಬೋ ಹಾಗಿಲ್ಲ. ಖಚಿತ ಆಗಬೇಕಾದರೆ ಗಂಡಿನ ಹೊಟ್ಟೆಯ ತುದಿ ಕತ್ತರಿಸಿ, 10% ಪೊಟ್ಯಾಷಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಸಿ ನೀರಿನ ಪಾತ್ರೆಯೊಳಗಿಟ್ಟು ಮೆದು ಮಾಡಿ, ಸಣ್ಣ ಕುಂಚದಿಂದ ಪುಡಿ ತೆಗೆದು, ಜನನಾಂಗ ನೋಡಬೇಕು. ಟೂಟಾದಲ್ಲಿ ಹಿಡಿಯೋ ಭಾಗ, ಅಂದ್ರೆ ವಾಲ್ವಾ, ಬೆರಳಿನ ಆಕಾರ, ತುದಿಯಲ್ಲಿ ಮುಳ್ಳುಗೂದಲು. ಇದು ಪ್ರಯೋಗಾಲಯದ ಕೆಲಸ.

ಹೊಲದಲ್ಲಿ ನಿಂತು ಮಾಡೋದಾದರೆ ಪತಂಗ ಬಿಟ್ಟು ಹುಳು ನೋಡಿ. ಎಲೆಯ ಮಚ್ಚೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಹುಳು ನೆರಳಿನಂತೆ ಕಾಣುತ್ತೆ. ಸೂಜಿಯಿಂದ ಮೇಲ್ಪೊರೆ ಸೀಳಿ ಈಚೆ ತೆಗೆದು, 10 ಪಟ್ಟು ದೊಡ್ಡದು ಮಾಡೋ ಕೈಲೆನ್ಸ್‌ನಲ್ಲಿ ತಲೆಯ ಹಿಂದಿನ ತಗಡು ನೋಡಿ. ಟೂಟಾದಲ್ಲಿ ಆ ತಗಡು ತಿಳಿ ಬಣ್ಣ, ಹಿಂಬದಿ ಅಂಚಿನಲ್ಲಿ ಮಾತ್ರ ಒಂದು ಸಪೂರ ಕಪ್ಪು ಪಟ್ಟಿ. ಗೆಡ್ಡೆ ಪತಂಗದ ಹುಳುವಿನಲ್ಲಿ ತಗಡು ಪೂರ್ತಿ ಕಪ್ಪುಗಂದು. ಎಳೆ ಮರಿಯಲ್ಲಿ ಈ ವ್ಯತ್ಯಾಸ ಸರಿಯಾಗಿ ಕಾಣಲ್ಲ, ದೊಡ್ಡ ಹುಳುವನ್ನೇ ಆರಿಸಿಕೊಳ್ಳಿ.

ಎಲೆಮರೆ
ಹುಳುವಿನ ಅಳತೆಯೂ ಬರೆದಿಡೋಣ. ಮೊಟ್ಟೆಯಿಂದ ಬಂದಾಗ 1 ಮಿ.ಮೀ. ಕೂಡ ಇರಲ್ಲ, ಕೆನೆ ಬಣ್ಣ. ನಾಲ್ಕು ಹಂತ ದಾಟಿ 7–8 ಮಿ.ಮೀ. ಆಗೋ ಹೊತ್ತಿಗೆ ಹಸಿರು, ಕೊನೆಯಲ್ಲಿ ಬೆನ್ನ ಮೇಲೆ ನಸುಗೆಂಪು. ತಲೆ ಕಂದು. ಮೊಟ್ಟೆ ಉದ್ದ 0.36 ಮಿ.ಮೀ., ಅಗಲ 0.22, ರಾಗಿ ಕಾಳಿಗಿಂತ ಬಹಳ ಚಿಕ್ಕದು. ಒಂದೊಂದಾಗಿ ಇಡುತ್ತೆ, ಗುಂಪಾಗಿ ಅಲ್ಲ. ಗುಂಪು ಮೊಟ್ಟೆ ಕಂಡರೆ ಅದು ಬೇರೆ ಕೀಟ. ಒಂದು ಹೆಣ್ಣು ಗರಿಷ್ಠ 260ರವರೆಗೆ ಇಟ್ಟದ್ದು ದಾಖಲಾಗಿದೆ. ಮುಕ್ಕಾಲು ಪಾಲು ಎಲೆ ಮೇಲೆ, ಉಳಿದದ್ದರಲ್ಲಿ ಹೆಚ್ಚಿನದು ನರ ಮತ್ತು ಕಾಂಡದ ಮೇಲೆ. ಕಾಯಿ ಮೇಲೆ ನೇರವಾಗಿ ಇಡೋದು ನೂರಕ್ಕೆ ಒಂದರಷ್ಟು ಮಾತ್ರ.

ಮುಳಬಾಗಿಲು ತೋಟ
ಹಾಗಾದ್ರೆ ಕಾಯಿ ಒಳಗೆ ಹುಳು ಎಲ್ಲಿಂದ ಬರುತ್ತೆ ಅಣ್ಣ? ನಮ್ಮಲ್ಲಿ ಎಲೆಗಿಂತ ಕಾಯಿಗೆ ಆಗೋ ನಷ್ಟವೇ ಜಾಸ್ತಿ. ಮಂಡಿಯಲ್ಲಿ ತೊಟ್ಟಿನ ಹತ್ತಿರ ಒಂದು ಸೂಜಿ ತೂತು ಕಂಡರೆ ಬಾಕ್ಸ್‌ಗೆ ಬಾಕ್ಸೇ ಪಕ್ಕಕ್ಕಿಡ್ತಾರೆ.

ಲೆನ್ಸ್10
ಎಲೆಯಿಂದ, ಇಲ್ಲವೇ ತೊಟ್ಟಿನ ಹಸಿರು ಎಸಳುಗಳ ಮೇಲಿಟ್ಟ ಮೊಟ್ಟೆಯಿಂದ. ಆ ಎಸಳಿನ ಅಡಿಗೆ ಮರಿ ನುಸುಳಿ ಅಲ್ಲಿಂದಲೇ ಕಾಯಿ ಕೊರೆಯುತ್ತೆ. ಅದಕ್ಕೇ ತೂತು ತೊಟ್ಟಿನ ಹತ್ತಿರ. ಹಸಿರು ಕಾಯೇ ಅದಕ್ಕೆ ಇಷ್ಟ. ಹೊರಗೆ ಗುಂಡುಸೂಜಿ ಚುಚ್ಚಿದಷ್ಟು ಗುರುತು, ಮೇಲೆ ಒಣ ಹಿಕ್ಕೆ. ಕಾಯಿಕೊರಕ ಹುಳು ಮಾಡೋದು ದೊಡ್ಡ ದುಂಡು ತೂತು, ಅರ್ಧ ಮೈ ಒಳಗೆ ಅರ್ಧ ಹೊರಗೆ ಇಟ್ಟು ತಿನ್ನುತ್ತೆ. ಈ ಎರಡನ್ನು ಗೊಂದಲ ಮಾಡಿಕೊಳ್ಳಲೇಬಾರದು. ಆಮೇಲೆ ಸೂಜಿ ತೂತಿನಿಂದ ಕೊಳೆಸೋ ಶಿಲೀಂಧ್ರ, ಬ್ಯಾಕ್ಟೀರಿಯಾ ಒಳಗೆ ಹೋಗಿ ಬಾಕ್ಸ್‌ನಲ್ಲಿ ಪಕ್ಕದ ಹಣ್ಣಿಗೂ ಅಂಟಿಸುತ್ತವೆ. ಪಕ್ಕಕ್ಕಿಡೋದಕ್ಕೆ ಅದೂ ಕಾರಣ.

ಕೋಶಾವಸ್ಥೆ
ಎಲೆಯಲ್ಲಿನ ಗುರುತು ಬಗ್ಗೆ ಯಾರೂ ಬರೆದಿಲ್ಲ. ರಂಗೋಲಿ ಹುಳು ನೊಣದ ಮರಿ, ಕಾಲಿಲ್ಲ, ತಲೆ ಕಾಣಲ್ಲ. ಅದು ಎಲೆಯಲ್ಲಿ ಸಪೂರ ಬಿಳಿ ಗೆರೆ ಎಳೆಯುತ್ತಾ ಅಂಕುಡೊಂಕಾಗಿ ಹೋಗುತ್ತೆ, ಗೆರೆ ಮುಂದೆ ಹೋದಂತೆ ಅಗಲವಾಗುತ್ತೆ, ಹಿಕ್ಕೆ ಗೆರೆಯುದ್ದಕ್ಕೂ ಚುಕ್ಕಿ ಚುಕ್ಕಿಯಾಗಿ ಬಿದ್ದಿರುತ್ತೆ. ಟೂಟಾದ್ದು ಗೆರೆಯಾಗಿ ಶುರುವಾಗಬಹುದು, ಆದ್ರೆ ಬೇಗನೆ ಅಗಲ ಮಚ್ಚೆಯಾಗುತ್ತೆ. ಮೇಲ್ಪೊರೆ ಕೆಳಪೊರೆ ಎರಡನ್ನೂ ಬಿಟ್ಟು ನಡುವಿನ ಹಸಿರು ತಿರುಳನ್ನು ಮಾತ್ರ ತಿಂದಿರುತ್ತೆ, ಆದ್ದರಿಂದ ಮಚ್ಚೆ ಕಾಗದದಂತೆ ಪಾರದರ್ಶಕ. ಹಿಕ್ಕೆಯೆಲ್ಲ ಒಂದು ಮೂಲೆಯಲ್ಲಿ ರಾಶಿ. ಕೆಲವು ದಿನಕ್ಕೆ ಮಚ್ಚೆ ಕಂದಾಗಿ ಒಣಗುತ್ತೆ, ದೂರದಿಂದ ಬೆಂಕಿ ತಾಗಿದ ಹಾಗೆ ಕಾಣುತ್ತೆ. ಅಂಗಮಾರಿ ಅಂತ ಶಿಲೀಂಧ್ರನಾಶಕ ಹೊಡೆಯೋದು ಈ ಹಂತದಲ್ಲೇ. ಅಂಗಮಾರಿ ಮಚ್ಚೆ ಸೀಳಿದರೆ ಪೊರೆ ಎರಡು ಹಾಳೆಯಾಗಿ ಬಿಡಿಸಿಕೊಳ್ಳಲ್ಲ, ಟೂಟಾದ್ದು ಬಿಡಿಸಿಕೊಳ್ಳುತ್ತೆ. ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ರೇಷ್ಮೆಗೂಡು
ಕೋಲಾರ, ಚಿಕ್ಕಬಳ್ಳಾಪುರ ಕಡೆ ಇದನ್ನ "ಊಜಿ" ಅಂತಾನೇ ಕರೀತಾರೆ. ಕೇಳಿದವರಿಗೆ ರೇಷ್ಮೆ ಹುಳುವಿನ ಊಜಿ ನೊಣವೇ ಟೊಮೆಟೊಗೂ ಬಂದಿದೆ ಅನ್ನಿಸುತ್ತೆ. ಅದಲ್ಲ. ಊಜಿ ನೊಣ 1980ರಲ್ಲಿ ಬಂಗಾಳದಿಂದ ಕರ್ನಾಟಕಕ್ಕೆ ಬಂದದ್ದು, ರೇಷ್ಮೆ ಹುಳುವಿನ ಮೈಯೊಳಗೆ ಬೆಳೆಯೋ ನೊಣ, ಗಿಡ ಮುಟ್ಟಲ್ಲ. ಹೆಸರು ಹೇಗಿದ್ರೂ ಪರವಾಗಿಲ್ಲ, ಆದ್ರೆ ಅಂಗಡಿಗೆ ಹೋಗಿ "ಊಜಿಗೆ ಔಷಧಿ ಕೊಡಿ" ಅಂದ್ರೆ ಬೇರೆ ಏನೋ ಕೈಗೆ ಬರುತ್ತೆ. ಬೆಳೆ ಹೆಸರು ಸೇರಿಸಿ ಕೇಳಿ.

ಪಾಲಿಹೌಸ್
ವೈಜ್ಞಾನಿಕ ಹೆಸರೂ ಈಗ ಬದಲಾಗಿದೆ. 1917ರಲ್ಲಿ ಕೀಟಶಾಸ್ತ್ರಜ್ಞ ಮೇರಿಕ್ ಪೆರುವಿನ ಹುವಾಂಕಾಯೊದಿಂದ ಬಂದ ಮಾದರಿ ನೋಡಿ ವರ್ಣಿಸಿದಾಗ ಇಟ್ಟದ್ದು ಥೋರಿಮಿಯಾ ಅಬ್ಸೊಲ್ಯೂಟಾ. ಆಮೇಲೆ ಎರಡು ಮೂರು ಕುಲ ಸುತ್ತಿ 1994ರಲ್ಲಿ ಟೂಟಾ ಕುಲಕ್ಕೆ ಬಂತು. 2021ರ ಪರಿಷ್ಕರಣೆಯಲ್ಲಿ ಮತ್ತೆ ಥೋರಿಮಿಯಾ, ಅಂದ್ರೆ ಗೆಡ್ಡೆ ಪತಂಗದ ಕುಲಕ್ಕೇ ವಾಪಸ್. ಹಾಸನದವರು ಕೇಳಿದ ಪ್ರಶ್ನೆ ಸುಮ್ಮನೆ ಬಂದದ್ದಲ್ಲ, ಅವೆರಡು ಅಷ್ಟು ಹತ್ತಿರದ ನೆಂಟರು. ಹೊಸ ಲೇಖನ ಹುಡುಕೋರು ಎರಡೂ ಹೆಸರಲ್ಲಿ ಹುಡುಕಿ.

ಎಲೆಮರೆ
ಹರಡಿದ ದಾರಿ ಯಾರಾದ್ರೂ ಸರಿಯಾಗಿ ಬರೀತೀರಾ? "ಹೊರದೇಶದ ಕೀಟ" ಅಂದ್ರೆ ಏನೂ ಹೇಳಿದಂತಾಗಲ್ಲ.

ಪಾಲಿಹೌಸ್
ಮೂಲ ದಕ್ಷಿಣ ಅಮೆರಿಕ, ಪೆರುವಿನ ಮಲೆನಾಡು. 1960ರ ದಶಕದಿಂದ ಆ ಖಂಡದಲ್ಲೇ ಹರಡತೊಡಗಿತು, ಅರ್ಜೆಂಟೀನಾದಲ್ಲಿ 1964ರಲ್ಲಿ, ಬ್ರೆಜಿಲ್‌ನಲ್ಲಿ 1980ರ ಆಸುಪಾಸು. ಅಲ್ಲೇ ಉಳಿದಿದ್ದರೆ ನಾವು ಹೆಸರೂ ಕೇಳ್ತಿರಲಿಲ್ಲ. 2006ರ ಕೊನೆಗೆ ಸ್ಪೇನಿನ ಪೂರ್ವ ಕರಾವಳಿಯ ಕಾಸ್ತೆಯೋನ್ ಪ್ರಾಂತ್ಯದಲ್ಲಿ ಸಿಕ್ಕಿತು. ವಂಶವಾಹಿ ಹೋಲಿಸಿ ನೋಡಿದಾಗ ಮೆಡಿಟರೇನಿಯನ್ ಸುತ್ತಿನ ಟೂಟಾ ಎಲ್ಲ ಮಧ್ಯ ಚಿಲಿಯಿಂದ ಒಂದೇ ಸಲ ಬಂದ ಸಂತತಿ ಅಂತ ತಿಳಿಯಿತು. ಅಂದ್ರೆ ಒಂದು ಹಡಗಿನ ಸರಕು ಸಾಕಾಯಿತು ಅನ್ನಬಹುದು. 2008ರಲ್ಲಿ ಇಟಲಿ, ಮೊರಾಕೊ, ಅಲ್ಜೀರಿಯಾ, ಟುನೀಷಿಯಾ. 2009ರಲ್ಲಿ ಟರ್ಕಿ. ಅಲ್ಲಿಂದ ಒಂದು ಕವಲು ಆಫ್ರಿಕಾಕ್ಕೆ: ಸುಡಾನ್ 2010, ಇಥಿಯೋಪಿಯಾ 2012. ನೈಜೀರಿಯಾದ ಕಡುನಾ ರಾಜ್ಯದಲ್ಲಿ 2016ರ ಮೇ ತಿಂಗಳಲ್ಲಿ ಟೊಮೆಟೊಗಾಗಿಯೇ ತುರ್ತು ಪರಿಸ್ಥಿತಿ ಘೋಷಿಸಿದ್ದರು. ಇನ್ನೊಂದು ಕವಲು ಪಶ್ಚಿಮ ಏಷ್ಯಾ ದಾಟಿ ಭಾರತಕ್ಕೆ, 2014ರಲ್ಲಿ ಮಹಾರಾಷ್ಟ್ರದ ಪುಣೆ ಸುತ್ತ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಕರ್ನಾಟಕದಲ್ಲೂ. ನೇಪಾಳ, ಬಾಂಗ್ಲಾದೇಶ 2016. ಚೀನಾದಲ್ಲಿ 2017ರಲ್ಲಿ ಶಿನ್‌ಜಿಯಾಂಗ್ ಕಡೆಯಿಂದ ಒಳಗೆ ಬಂತು. ಅಮೆರಿಕ ಸಂಯುಕ್ತ ಸಂಸ್ಥಾನ, ಆಸ್ಟ್ರೇಲಿಯಾ ಇದನ್ನು ಗಡಿಯಲ್ಲೇ ತಡೆಯೋ ಕೀಟಗಳ ಪಟ್ಟಿಯಲ್ಲಿಟ್ಟಿವೆ.

ಮುಳಬಾಗಿಲು ತೋಟ
ಹಾರಿ ಬರುತ್ತಾ ಇಷ್ಟು ದೂರ?

ಪಾಲಿಹೌಸ್
ಹಾರಿ ಬರೋದು ಹೊಲದಿಂದ ಹೊಲಕ್ಕೆ, ಗಾಳಿ ಇದ್ದರೆ ಕೆಲವು ಕಿಲೋಮೀಟರ್. ದೇಶ ದಾಟೋದು ಸರಕಿನಲ್ಲಿ. ತೊಟ್ಟು ಬಿಡಿಸದ ಹಣ್ಣು, ಸಸಿ, ಖಾಲಿ ಬಾಕ್ಸ್. ಬಾಕ್ಸ್‌ನ ಮೂಲೆಯಲ್ಲಿ ಒಣ ಎಲೆ ಸಿಕ್ಕಿಕೊಂಡಿದ್ರೆ ಅದರೊಳಗೆ ಕೋಶ (ಹುಳು ಪತಂಗವಾಗೋ ಮುಂಚಿನ ಹಂತ) ಇರಬಹುದು. ಕೋಲಾರ ಎಪಿಎಂಸಿಯಿಂದ ಹಣ್ಣು ಬೇರೆ ರಾಜ್ಯಗಳಿಗೆ ಹೋಗುತ್ತೆ, ಖಾಲಿ ಬಾಕ್ಸ್ ವಾಪಸ್ ಬಂದು ನೇರ ತೋಟದ ಬದುವಿನ ಮೇಲೆ ಪೇರಿಸಲಾಗುತ್ತೆ. ಬಾಕ್ಸ್ ಬಂದ ತಕ್ಷಣ ತೋಟದಿಂದ ದೂರ ಕುಟ್ಟಿ ಕೊಡವಿ, ಜೋರು ನೀರಲ್ಲಿ ತೊಳೆದು, ಬಿಸಿಲಿಗೆ ಬೋರಲು ಹಾಕಬೇಕು. ಬೇರೆಯವರ ನರ್ಸರಿಯ ಪ್ರೋಟ್ರೇ (ಸಸಿ ಬೆಳೆಸೋ ಟ್ರೇ) ತಂದರೂ ಹಾಗೇ, ನಾಟಿಗೆ ಮುಂಚೆ ಪ್ರತಿ ಟ್ರೇಯಲ್ಲೂ ಎಲೆ ತಿರುಗಿಸಿ ಮಚ್ಚೆ ನೋಡಿ.

ಹಾಸನದ ಗೆಡ್ಡೆ
ಈಗ ಊಟದ ಮಾತು. ಆಲೂಗಡ್ಡೆ ಗಿಡಕ್ಕೂ ಬರುತ್ತೆ ಅಂತಾರೆ. ಗೆಡ್ಡೆಗೆ ಬರುತ್ತಾ?

ಕೋಶಾವಸ್ಥೆ
ಇಲ್ಲ. ಟೂಟಾ ನೆಲದ ಮೇಲಿನ ಭಾಗ ಮಾತ್ರ ತಿನ್ನುತ್ತೆ: ಎಲೆ, ಸುಳಿ, ಎಳೆ ಕಾಂಡ, ಹೂಮೊಗ್ಗು, ಕಾಯಿ. ದಾಸ್ತಾನಿನಲ್ಲಿರೋ ಗೆಡ್ಡೆಯೊಳಗೆ ಸುರಂಗ ಕಂಡರೆ ಅದು ಗೆಡ್ಡೆ ಪತಂಗ, ಟೂಟಾ ಅಂತ ಬರೆಯಬೇಡಿ. ಆಲೂ ಎಲೆಯಲ್ಲಿ ಮಾತ್ರ ಎರಡೂ ಇರಬಹುದು, ಆಗ ತಲೆ ಹಿಂದಿನ ತಗಡೇ ಗತಿ.

ಒಟ್ಟಾರೆ ಇದು ಬದನೆ ಕುಟುಂಬದ ಹುಳು. ಟೊಮೆಟೊ ಮೊದಲ ಆಯ್ಕೆ, ಆಮೇಲೆ ಆಲೂಗಡ್ಡೆ, ಬದನೆ. ಹೊಗೆಸೊಪ್ಪಿನಲ್ಲೂ ಕಂಡಿದೆ. ಬೆಳೆಗಿಂತ ಮುಖ್ಯ ಕಳೆ: ಗಣಿಕೆ ಸೊಪ್ಪು, ಉಮ್ಮತ್ತಿ, ಗುಪ್ಪಟೆ ಗಿಡ. ಟೊಮೆಟೊ ಇಲ್ಲದ ತಿಂಗಳಲ್ಲಿ ಬದುವಿನ ಗಣಿಕೆ ಗಿಡದಲ್ಲೇ ಸಂಸಾರ ನಡೆಸುತ್ತೆ. ಗಣಿಕೆ ಸೊಪ್ಪನ್ನು ಸಾರಿಗೆ ಬೇಕು ಅಂತ ಬದುವಿನಲ್ಲಿ ಬಿಟ್ಟುಕೊಳ್ಳೋರು ಎಲೆ ಮೇಲೆ ಕಣ್ಣಿಡಿ.

ರೇಷ್ಮೆಗೂಡು
ಮೆಣಸಿನಕಾಯಿ ಯಾಕೆ ಬಿಟ್ಟಿರಿ ಮೇಡಂ? ಕೆಲವು ಪಟ್ಟಿಯಲ್ಲಿ ಅದೂ ಇದೆ, ಹುರುಳಿಕಾಯಿ ಅಂದ್ರೆ ಬೀನ್ಸ್ ಕೂಡ ಇದೆ.

ಕೋಶಾವಸ್ಥೆ
ಬೇಕಂತಲೇ ಬಿಟ್ಟೆ. ಇಟಲಿಯಿಂದ ಬೀನ್ಸ್ ಮೇಲೆ ವರದಿ ಬಂದದ್ದು ನಿಜ. ಆದ್ರೆ ಒಂದು ಗಿಡದ ಮೇಲೆ ಸಿಕ್ಕಿತು ಅನ್ನೋದು ಬೇರೆ, ಆ ಗಿಡ ತಿಂದು ಪೀಳಿಗೆ ಮುಂದುವರಿಸುತ್ತೆ ಅನ್ನೋದು ಬೇರೆ. ಪಟ್ಟಿಗಳು ಇವೆರಡನ್ನೂ ಒಂದೇ ಸಾಲಿನಲ್ಲಿ ಬರೆದುಬಿಡುತ್ತವೆ. ಮೆಣಸಿನಕಾಯಿ ಇದರ ಮುಖ್ಯ ಆಹಾರ ಅಲ್ಲ. ಬೆಳೆ ಬದಲಾಯಿಸೋರಿಗೆ ನನ್ನ ಸಲಹೆ: ಟೊಮೆಟೊ ಆದ ಮೇಲೆ ಬದನೆ, ಆಲೂ ಹಾಕಬೇಡಿ. ರಾಗಿ, ಜೋಳ, ಕೋಸು, ಈರುಳ್ಳಿ ಯಾವುದಾದರೂ ಸರಿ. ಎರಡು ಟೊಮೆಟೊ ಬೆಳೆ ನಡುವೆ ಕನಿಷ್ಠ 6 ವಾರ ಖಾಲಿ ಬಿಡಿ, ಆ 6 ವಾರದಲ್ಲಿ ಗಣಿಕೆ, ಉಮ್ಮತ್ತಿ ಇರಬಾರದು. ಕಳೆ ಇದ್ರೆ ಖಾಲಿ ಬಿಟ್ಟೂ ಉಪಯೋಗ ಇಲ್ಲ.

ಲೆನ್ಸ್10
6 ವಾರ ಎಲ್ಲಿಂದ ಬಂತು ಅಂದ್ರೆ ಜೀವನಚಕ್ರದಿಂದ. ಮೊಟ್ಟೆಯಿಂದ ಪತಂಗದವರೆಗೆ 14 ಡಿಗ್ರಿಯಲ್ಲಿ 76 ದಿನ, ಸುಮಾರು 20 ಡಿಗ್ರಿಯಲ್ಲಿ 40 ದಿನ, 27 ಡಿಗ್ರಿಯಲ್ಲಿ 24 ದಿನ. ಬಯಲುಸೀಮೆಯ ಬೇಸಿಗೆಯಲ್ಲಿ ತಿಂಗಳೊಳಗೆ ಒಂದು ಪೀಳಿಗೆ. ವರ್ಷಕ್ಕೆ 10–12 ಪೀಳಿಗೆ ಆಗುತ್ತೆ ಅನ್ನೋದು ಆ ಲೆಕ್ಕ. ಚಳಿಗಾಲದ ಸುಪ್ತಾವಸ್ಥೆ ಇದಕ್ಕಿಲ್ಲ, ಊಟ ಇರೋವರೆಗೆ ನಿಲ್ಲಲ್ಲ.

ಇನ್ನೊಂದು ತಪ್ಪು ತಿಳುವಳಿಕೆ: ಮಲ್ಚಿಂಗ್ ಶೀಟ್ (ಮಣ್ಣಿಗೆ ಹೊದಿಸೋ ಹಾಳೆ) ಹಾಕಿದ್ರೆ ಕೋಶ ಆಗಲ್ಲ ಅನ್ನೋದು. ಹೆಚ್ಚಿನ ಹುಳು ನೂಲು ಬಿಟ್ಟುಕೊಂಡು ಮಣ್ಣಿಗೆ ಇಳಿಯುತ್ತೆ ನಿಜ, ಆದ್ರೆ ಎಲೆ ಮಡಿಕೆಯಲ್ಲಿ, ತಾನೇ ಕೊರೆದ ಮಚ್ಚೆಯೊಳಗೆ, ಒಣ ತರಗಿನಲ್ಲೂ ರೇಷ್ಮೆಯಂಥ ಗೂಡು ಕಟ್ಟಿ ಕೋಶ ಆಗುತ್ತೆ.

ಮುಳಬಾಗಿಲು ತೋಟ
ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯೋದು) ಹಾಕಿದ್ರೂ ನಿಲ್ತಾ ಇಲ್ಲ ಅಂತ ಸುತ್ತಮುತ್ತ ಎಲ್ಲರೂ ಹೇಳ್ತಾರೆ. ಬಲೆಯೇ ಸುಳ್ಳಾ?

ಪಾಲಿಹೌಸ್
ಬಲೆ ಸುಳ್ಳಲ್ಲ, ಹಾಕೋ ರೀತಿಯಲ್ಲಿ ಕೆಡುತ್ತೆ. ಎಣಿಸೋದಕ್ಕೆ ಹಾಕೋ ಬಲೆ ಬೇರೆ, ಹಿಡಿದು ಕಡಿಮೆ ಮಾಡೋದಕ್ಕೆ ಹಾಕೋದು ಬೇರೆ. ಎಣಿಸೋಕೆ ಎಕರೆಗೆ ಒಂದೆರಡು ಸಾಕು. ಸಾಮೂಹಿಕವಾಗಿ ಹಿಡಿಯೋಕೆ ಬಯಲು ಬೆಳೆಯಲ್ಲಿ ಹೆಕ್ಟೇರಿಗೆ 40–50, ಅಂದ್ರೆ ಎಕರೆಗೆ 16–20. ಎರಡು ಬಲೆ ಹಾಕಿ ಹುಳು ನಿಲ್ಲಲಿಲ್ಲ ಅಂದ್ರೆ ಅದು ಬಲೆಯ ತಪ್ಪಲ್ಲ.

ನೀರಿನ ಬಲೆ ಅಗ್ಗ. ಅಗಲ ಬಾಯಿಯ ಪ್ಲಾಸ್ಟಿಕ್ ಬೋಗುಣಿ, 5–6 ಲೀಟರ್ ನೀರು, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಇಲ್ಲವೇ ಸ್ವಲ್ಪ ಸೋಪಿನ ಪುಡಿ. ಲ್ಯೂರನ್ನು, ಅಂದ್ರೆ ವಾಸನೆಯ ಬಿಲ್ಲೆಯನ್ನು, ತಂತಿಯಲ್ಲಿ ನೀರಿಗಿಂತ 3–5 ಸೆಂ.ಮೀ. ಮೇಲೆ ಕಟ್ಟಿ, ನೀರು ತಾಗಬಾರದು. ಬೋಗುಣಿ ನೆಲಕ್ಕೆ ಹತ್ತಿರ ಇರಲಿ, ಈ ಪತಂಗ ಕೆಳಗೇ ಹಾರುತ್ತೆ. ಕಡ್ಡಿ ತುದಿಗೆ ಆರಡಿ ಎತ್ತರದಲ್ಲಿ ಕಟ್ಟಿ ಏನೂ ಬೀಳಲಿಲ್ಲ ಅನ್ನೋರು ಬಹಳ. ಬೇಸಿಗೆಯಲ್ಲಿ ನೀರು ಆರಿ ಹೋಗುತ್ತೆ, ವಾರಕ್ಕೆ ಎರಡು ಸಲ ತುಂಬಿಸಿ. ಅಂಟು ಹಾಳೆಯ ಬಲೆಯಾದರೆ ಧೂಳು ಕೂತ ಮೇಲೆ ಅಂಟಲ್ಲ, ಹಾಳೆ ಬದಲಾಯಿಸಿ.

ಲ್ಯೂರ್ 4–6 ವಾರಕ್ಕೆ ಬದಲಾಯಿಸಬೇಕು. ಪೊಟ್ಟಣ ಫ್ರಿಜ್‌ನಲ್ಲಿಡಿ. ಕಾಯಿಕೊರಕದ ಲ್ಯೂರ್ ಮುಟ್ಟಿದ ಕೈಯಲ್ಲೇ ಇದನ್ನ ಮುಟ್ಟಬೇಡಿ, ವಾಸನೆ ಬೆರೆತರೆ ಬಲೆಯ ಎಣಿಕೆ ನಂಬೋಕಾಗಲ್ಲ. ಹಳೇ ಲ್ಯೂರನ್ನು ತೋಟದಲ್ಲೇ ಎಸೆದರೆ ಅದೂ ಪತಂಗ ಸೆಳೆಯುತ್ತಿರುತ್ತೆ, ಬಲೆಗೆ ಬೀಳೋದು ಕಡಿಮೆಯಾಗುತ್ತೆ.

ಲೆನ್ಸ್10
ಒಂದು ಮಾತು ಸೇರಿಸ್ತೀನಿ. ಬೀಳೋದು ಗಂಡು ಮಾತ್ರ. ಒಂದು ಗಂಡು ಹಲವು ಹೆಣ್ಣಿನ ಜೊತೆ ಕೂಡುತ್ತೆ, ಹೊರಗೆ ಕೂಡಿ ಬಂದ ಹೆಣ್ಣಿಗೆ ಈ ಬಲೆ ಲೆಕ್ಕಕ್ಕಿಲ್ಲ. ಅಷ್ಟೇ ಅಲ್ಲ, ಗಂಡಿಲ್ಲದೆಯೂ ಹೆಣ್ಣು ಇಟ್ಟ ಮೊಟ್ಟೆ ಮರಿಯಾದದ್ದು ಪ್ರಯೋಗಾಲಯದಲ್ಲಿ ಕಂಡಿದೆ, 2012ರ ವರದಿ. ಹಾಗಾಗಿ ಬಯಲಲ್ಲಿ ಬಲೆಯನ್ನೇ ನಂಬಿ ಕೂರೋದು ನನಗೆ ಒಪ್ಪಿಗೆಯಿಲ್ಲ. ಎಣಿಕೆ ಏರಿದ ವಾರ ಎಲೆ ನೋಡೋಕೆ ಹೋಗಿ, ಬಲೆಯ ನಿಜವಾದ ಉಪಯೋಗ ಅದು.

ಪಾಲಿಹೌಸ್
ಬಯಲಿಗೆ ಒಪ್ತೀನಿ. ಮುಚ್ಚಿದ ಮನೆಯಲ್ಲಿ, ಅಂದ್ರೆ ಪಾಲಿಹೌಸ್‌ನಲ್ಲಿ, ಲೆಕ್ಕ ಬೇರೆ. ಪರದೆ ಪ್ರತಿ ಚದರ ಸೆಂ.ಮೀ.ಗೆ ಕನಿಷ್ಠ 6×9 ಎಳೆ ಇರಬೇಕು, ಬಾಗಿಲು ಜೋಡಿ ಇರಬೇಕು, ಒಂದು ಮುಚ್ಚದೆ ಇನ್ನೊಂದು ತೆಗೆಯಬಾರದು. ಹೊರಗಿನ ಹೆಣ್ಣು ಒಳಗೆ ಬರದಿದ್ರೆ ಬಲೆ ಕೆಲಸ ಮಾಡುತ್ತೆ. ಪರದೆಯಲ್ಲಿ ಒಂದು ಹರುಕು ಇದ್ರೂ ಬಲೆಯ ಖರ್ಚು ದಂಡ.

ಮುಳಬಾಗಿಲು ತೋಟ
ಔಷಧಿ?

ಎಲೆಮರೆ
ಹುಳು ಪೊರೆಯೊಳಗೆ ಇರೋದ್ರಿಂದ ಮೇಲೆ ಮಾತ್ರ ನಿಲ್ಲೋ ಔಷಧಿ ಅದಕ್ಕೆ ತಾಗಲ್ಲ. ಪೈರೆಥ್ರಾಯ್ಡ್ (ಅಂಥದ್ದೊಂದು ಕೀಟನಾಶಕ ಗುಂಪು) ಹೊಡೆದು ಮಿತ್ರಕೀಟ ಸಾಯಿಸಿ ಟೂಟಾ ಉಳಿಸೋದು ಹಾಗೇ. ಎಲೆಯೊಳಗೆ ಇಳಿಯೋದು ಬೇಕು: ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಲೀಟರಿಗೆ 0.3 ಮಿ.ಲೀ., 15 ಲೀಟರ್ ಟ್ಯಾಂಕಿಗೆ 4.5 ಮಿ.ಲೀ. ಮುಂದಿನ ಸಲ ಬೇರೆ ಗುಂಪಿನದು, ಸ್ಪೈನೋಸಾಡ್ 45 ಎಸ್‌ಸಿ 0.3 ಮಿ.ಲೀ. ಅಂಗಡಿಯವರು ಹೆಸರು ಬೇರೆ ಗುಂಪು ಒಂದೇ ಇರೋ ಎರಡು ಡಬ್ಬ ಕೊಟ್ಟರೆ ಬದಲಾಯಿಸಿದಂತಾಗಲ್ಲ. ಫ್ಲೂಬೆಂಡಿಯಮೈಡ್ ಕೂಡ ಮೊದಲಿನದರ ಗುಂಪೇ. ಈ ಗುಂಪಿಗೆ ಇಟಲಿ, ಬ್ರೆಜಿಲ್‌ನಲ್ಲಿ ಟೂಟಾ ಆಗಲೇ ಜಗ್ಗದಂತಾಗಿದೆ. ಸಂಜೆ ಹೊಡೆಯಿರಿ, ಎಲೆ ಅಡಿಗೆ ತಾಗಲಿ, ಮಚ್ಚೆ ಸಣ್ಣದಿದ್ದಾಗಲೇ ಹೊಡೆಯಿರಿ. ಹೊಡೆದ ಮೇಲೆ ಡಬ್ಬದಲ್ಲಿ ಬರೆದಷ್ಟು ದಿನ ಕಾಯದೆ ಕೊಯ್ಯಬೇಡಿ.

ರೇಷ್ಮೆಗೂಡು
ದಯವಿಟ್ಟು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ: ಕ್ಲೋರಾಂಟ್ರಾನಿಲಿಪ್ರೋಲ್ ಗುಂಪು ಚಿಟ್ಟೆ-ಪತಂಗದ ಹುಳುಗಳನ್ನೇ ಗುರಿಯಿಟ್ಟದ್ದು, ರೇಷ್ಮೆ ಹುಳುವೂ ಪತಂಗದ ಹುಳುವೇ. ಶಿಡ್ಲಘಟ್ಟ, ಚಿಂತಾಮಣಿ ಕಡೆ ಟೊಮೆಟೊ ಪಕ್ಕದ ಸಾಲೇ ಹಿಪ್ಪುನೇರಳೆ. ಗಾಳಿಯಲ್ಲಿ ತೇಲಿದ ಹನಿ ಸೊಪ್ಪಿಗೆ ತಾಗಿದರೆ ಚಾಕಿ ಮನೆಯಲ್ಲಿ (ಎಳೆ ರೇಷ್ಮೆ ಹುಳು ಸಾಕೋ ಮನೆ) ಹುಳು ಮೇವು ಬಿಟ್ಟು ಸಾಯುತ್ತೆ. ಸಾವಯವ ಅಂತ ಬಿಟಿ ಪುಡಿ (ಹುಳು ಕೊಲ್ಲೋ ಬ್ಯಾಕ್ಟೀರಿಯಾದ್ದು) ಹೊಡೆದರೂ ಅದೇ ಕಥೆ, ಅದರ ಕುರ್ಸ್ಟಾಕಿ ತಳಿ ರೇಷ್ಮೆ ಹುಳುವನ್ನೂ ಕೊಲ್ಲುತ್ತೆ. ಪಕ್ಕದವರ ಸೊಪ್ಪು ಕೊಯ್ಲು ಯಾವಾಗ ಅಂತ ಕೇಳಿ, ಗಾಳಿ ನಿಂತ ಹೊತ್ತು ನೋಡಿ, ಆ ಬದಿಯ ನಾಲ್ಕು ಸಾಲು ಬಿಟ್ಟು ಹೊಡೆಯಿರಿ. ಬಿಟ್ಟ ಸಾಲಿನಲ್ಲಿ ಕೈಯಿಂದಲೇ ಎಲೆ ಕಿತ್ತರಾಯಿತು.

ಕೋಶಾವಸ್ಥೆ
ಮಿತ್ರಕೀಟದಲ್ಲಿ ಹೆಸರಿಸಬೇಕಾದ್ದು ನೆಸಿಡಿಯೊಕೋರಿಸ್ ಟೆನುಯಿಸ್ ಅನ್ನೋ ತಿಗಣೆ. ತೆಳ್ಳಗೆ, ಹಸಿರು, ಚುರುಕು, ನಮ್ಮ ಹೊಲಗಳಲ್ಲೇ ಇದೆ. ಟೂಟಾ ಮೊಟ್ಟೆ, ಎಳೆ ಮರಿ ಹೀರುತ್ತೆ. ತೊಂದರೆ ಅಂದ್ರೆ ಬೇಟೆ ಮುಗಿದರೆ ಗಿಡಕ್ಕೇ ಬಾಯಿ ಹಾಕುತ್ತೆ, ಎಳೆ ಕಾಂಡದ ಸುತ್ತ ಕಂದು ಉಂಗುರ ಬೀಳುತ್ತೆ, ಹೂ ಉದುರುತ್ತೆ. ಉಂಗುರ ಕಂಡ ಕೂಡಲೇ ಹೊಸ ರೋಗ ಅಂದುಕೊಳ್ಳಬೇಡಿ.

ಮುಳಬಾಗಿಲು ತೋಟ
ಕೊನೆಗೆ ಒಂದು. ಕಿತ್ತ ಎಲೆ, ತೂತು ಬಿದ್ದ ಕಾಯಿ ಏನು ಮಾಡೋದು? ತಿಪ್ಪೆಗೆ ಹಾಕ್ತಾರೆ ಎಲ್ಲ.

ಲೆನ್ಸ್10
ತಿಪ್ಪೆ ಬೇಡ, ಅಲ್ಲಿ ಆರಾಮಾಗಿ ಕೋಶ ಆಗಿ ವಾಪಸ್ ಬರುತ್ತೆ. ಬದುವಿಗೆ ಎಸೆಯೋದೂ ಅಷ್ಟೇ. ಕೀಳುವಾಗಲೇ ಚೀಲದೊಳಗೆ ಹಾಕಿ ಬಾಯಿ ಕಟ್ಟಿ. ರಾಶಿ ಜಾಸ್ತಿಯಿದ್ರೆ ಬಿಸಿಲು ಬೀಳೋ ಕಡೆ ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಸುತ್ತ ಅಂಚಿಗೆ ಮಣ್ಣು ಹಾಕಿ ಗಾಳಿಯಾಡದಂತೆ ಒತ್ತಿ. ದಪ್ಪ ರಾಶಿ ಹಾಕಿದರೆ ಮೇಲಿನದು ಬೇಯುತ್ತೆ, ಅಡಿಯದು ಬದುಕುತ್ತೆ. ಮಳೆಗಾಲದಲ್ಲಿ ಬಿಸಿಲು ಸಾಲಲ್ಲ, ಆಗ ಎರಡಡಿ ಗುಂಡಿ ತೆಗೆದು ಹೂತು ಮೇಲೆ ಮಣ್ಣು ತುಳಿದು ಬಿಗಿ ಮಾಡಿ. ಕೊನೆ ಕೊಯ್ಲು ಆದ ತೋಟವನ್ನು ಹಾಗೇ ಒಣಗಲು ಬಿಡೋದು ಎಲ್ಲಕ್ಕಿಂತ ಕೆಟ್ಟದ್ದು. ದರ ಬಿದ್ದು ಕೊಯ್ಯದೆ ಬಿಟ್ಟ ತೋಟ ಇದ್ರೆ ಅದರ ಸುತ್ತಲಿನವರ ಬಲೆಯಲ್ಲಿ ಎಣಿಕೆ ಏರೋದು ಅಲ್ಲಿಂದಲೇ.

ಮುಳಬಾಗಿಲು ತೋಟ
ಡ್ರಿಪ್ ಪೈಪು, ಕಡ್ಡಿ?

ಲೆನ್ಸ್10
ಪೈಪು ಸುತ್ತುವ ಮೊದಲು ಅಂಟಿದ ತರಗು ಒರೆಸಿ. ಕಡ್ಡಿಯ ಸೀಳಿನಲ್ಲಿ, ದಾರದ ಗಂಟಿನಲ್ಲಿ ಕೋಶ ಸಿಗಬಹುದು. ಹಳೇ ದಾರ ಸುಟ್ಟುಬಿಡಿ. ಕಡ್ಡಿ ಬಿಸಿಲಲ್ಲಿ ಹರಡಿ ಒಣಗಿಸಿ, ಮುಂದಿನ ನಾಟಿಯ ಹೊಲದ ಬದುವಿನಲ್ಲಿ ಮಾತ್ರ ಪೇರಿಸಿಡಬೇಡಿ.